ಹಿಟ್ಟಿನಮ್ಮ ಕೂಗಿದ ಹೆಸರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ಒಂಟಿ ಕೋಣೆಯ ಮನೆಯೆದುರು ಬಾಣಲೆಯಲ್ಲಿ ಕಾಳು ಚಟಚಟ ಸಿಡಿಯುತ್ತಿದೆ. ಹಿಟ್ಟಿನಮ್ಮ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಡಿದು ನೋಡುತ್ತಾರೆ, ಉರಿ ತಗ್ಗಿಸುತ್ತಾರೆ. "ಹಸಿ ಉಳಿದ್ರೆ ಕೂಸಿನ ಹೊಟ್ಟೆ ಕೆಡುತ್ತೆ, ಸೀದ್ರೆ ಕೂಸು ಉಗಿಯುತ್ತೆ. ಉಗಿಸ್ಕೊಳ್ಳೋಳು ನಾನೇ," ಎಂದು, ಅವರ ಕೆಲಸ ನೋಡಲು ಬಂದ ನನ್ನತ್ತ ತಿರುಗಿ ನಗುತ್ತಾರೆ.

ಧಾನ್ಯ, ಬೇಳೆ, ಶೇಂಗಾ ಹುರಿದು ಬೀಸಿದ ಈ ಹಿಟ್ಟು, ಎದೆಹಾಲಿನ ಜೊತೆಗೆ ಊಟ ಕಲಿಯುತ್ತಿರುವ ಮಕ್ಕಳಿಗೆ. ಓಣಿಯ ಹೆಂಗಸರು ಸೇರಿ ಕಾಳು ತರುತ್ತಾರೆ. ಹುರಿಯುವುದು, ಬೀಸಿಸುವುದು, ಹಂಚುವುದು ಇವರ ಪಾಲು. ಹಗಲು ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುವ ಕೆಲಸ ಬೇರೆ.

ಪಕ್ಕದ ಮನೆಯ ಅಜ್ಜಿ ಹಿಟ್ಟು ಒಯ್ಯಲು ಬಟ್ಟಲನ್ನು ಟವೆಲ್ಲಿನಡಿ ಮುಚ್ಚಿಕೊಂಡು ಬರುತ್ತಾಳೆ.

"ಏನಜ್ಜಿ, ಕಳ್ಳ ಮಾಲಾ?"

"ಮುಚ್ಕೊಂಡು ಬರೋ ಹಂಗೆ ಮಾಡಿಟ್ಟೋಳು ನೀನೇ, ಈಗ ಕೇಳೋಳೂ ನೀನೇನಾ!"

ಹಿಟ್ಟಿನಮ್ಮನ ನಗು ನಿಲ್ಲುತ್ತದೆ. ಆರಂಭದಲ್ಲಿ ಯಾರೂ ಹಿಟ್ಟು ಒಯ್ಯುತ್ತಿರಲಿಲ್ಲ. ಆಗ ಇವರೇ ಬಾಗಿಲು ಬಾಗಿಲಿಗೆ ಹೋಗಿ ಕೂಗಿದರು: "ಸೊರಗಿದ ಮಕ್ಕಳ ಹಿಟ್ಟು ಬಂತು!" ಹೆಸರು ಅಂಟಿಕೊಂಡಿತು. ಬಟ್ಟಲು ಹಿಡಿದು ಬಂದವಳು ಮಗುವನ್ನು ಸಾಕಲಾರದವಳು ಎಂದಾಯಿತು. ಕೆಲವರು ಬರುವುದನ್ನೇ ಬಿಟ್ಟರು.

"ಮಾತು ಆಡಿದ್ರೆ ಹೋಯ್ತು. ಈಗ 'ಎಲ್ಲಾ ಮಕ್ಕಳ ಹಿಟ್ಟು' ಅಂತ ಗಂಟಲು ಹರ್ಕೊಂಡ್ರೂ ಯಾರ ಕಿವಿಗೂ ಬೀಳಲ್ಲ," ಎನ್ನುತ್ತಾರೆ ಹಿಟ್ಟಿನಮ್ಮ.

ಹಾಗೆ ದೂರ ಉಳಿದವರಲ್ಲಿ ಅವರ ಸೊಸೆಯೂ ಒಬ್ಬಳು. ಒಳಗೆ ಅವಳು ಹತ್ತು ತಿಂಗಳ ಮಗಳಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿನ್ನಿಸುತ್ತಿದ್ದಾಳೆ. ತೂಕ ಏರುತ್ತಿಲ್ಲವೆಂದು ನರ್ಸ್ ಎಚ್ಚರಿಸಿ ಹೋಗಿದ್ದಾಳಂತೆ. ನೋಡಬಾರದೆಂದುಕೊಂಡರೂ ನನ್ನ ಕಣ್ಣು ಮಗುವಿನ ಮಣಿಕಟ್ಟಿಗೇ ಹೋಗುತ್ತದೆ.

"ನನ್ನ ಮಗಳೇನೂ ಸೊರಗಿಲ್ಲ," ಎನ್ನುತ್ತಾಳೆ ಸೊಸೆ, ಯಾರೂ ಕೇಳದಿದ್ದರೂ. ಹೊರಬಂದು ಮಗುವನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿ, ಕೊಡ ಎತ್ತಿಕೊಂಡು ನೀರಿಗೆ ಹೋಗುತ್ತಾಳೆ.

ಪಕ್ಕದಲ್ಲೇ ಬಟ್ಟಲಲ್ಲಿ ಅದೇ ಹಿಟ್ಟಿನ ಗಂಜಿ ಆರುತ್ತಿದೆ, ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ. ಎರಡು ಚಮಚ ಈಗಲೇ ಹಾಕಿಬಿಡಬಹುದಲ್ಲವೇ ಎಂದು ಮೆಲ್ಲಗೆ ಕೇಳುತ್ತೇನೆ.

"ಹಾಕಬಹುದಮ್ಮ. ನಾಳೆ? ಕದ್ದು ಉಣಿಸಿದ್ರೆ, ಇದು ನಾಚಿಕೆಪಡೋ ಊಟ ಅಂತ ನಾನೇ ಇನ್ನೊಂದ್ಸಲ ಕೂಗಿದಂಗೆ."

ಮಗು ಬಟ್ಟಲಿನತ್ತ ಕೈ ಚಾಚುತ್ತದೆ. ಹಿಟ್ಟಿನಮ್ಮ ಆ ಪುಟ್ಟ ಕೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಳ್ಳುತ್ತಾರೆ.

"ಅವಳೇ ಬಂದು, 'ಅತ್ತೆ, ಇವಳಿಗೂ ಹಾಕಿ' ಅನ್ಲಿ. ನಂಗೆ ಇನ್ನೇನೂ ಬೇಡ," ಎನ್ನುತ್ತಾರೆ. ಆಮೇಲೆ ನಲ್ಲಿಯ ದಾರಿಯತ್ತ ನೋಡುತ್ತಾ: "ಬೇಗ ಅನ್ಲಿ."