ಗಿರಾವೀನಿನ ಹಿತ್ತಲುಗಳಲ್ಲಿ ಪೆನಿರಾಯಲ್ ಕೀಳುವ ಸರಸ್ವತಿ

ಸಿಡ್ನಿಯ ಗಿರಾವೀನಿನಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಸರಸ್ವತಿ ಯಾರದೋ ಹಿತ್ತಲಿನಲ್ಲಿ ಮೊಣಕಾಲೂರಿ ಕೂತು, ಪುದೀನದಂತೆ ಘಮ್ಮೆನ್ನುವ ಗಿಡವನ್ನು ಬೇರುಸಹಿತ ಕೀಳುತ್ತಿದ್ದಾರೆ. "ಒಂದೆಳೆ ಬಿಟ್ರೂ ಮತ್ತೆ ಹಬ್ಬುತ್ತೆ, ಹಠಮಾರಿ ಗಿಡ," ಎನ್ನುತ್ತಾರೆ.

ಮೈಸೂರಿನಿಂದ ಬಂದ ಇವರ ಕಸುಬು ಬಾಣಂತನ. ವೀಸಾ ಸಿಗದೆ ತಾಯಿ ಬರಲಾಗದ ಮನೆಗಳಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ, ಕೂಸನ್ನು ಕಾಲ ಮೇಲೆ ಮಲಗಿಸಿ ಮೀಯಿಸುತ್ತಾರೆ, ಆಮೇಲೆ ಟೂಂಗಾಬಿಯ ತಮ್ಮ ಮನೆಗೆ ಬಸ್ ಹಿಡಿಯುತ್ತಾರೆ. ಗಿಡ ಕೀಳುವುದು ಅದಕ್ಕೂ ಮುಂಚಿನ ಕೆಲಸ. ಇದಕ್ಕೆ ಸಂಬಳವಿಲ್ಲ, ಯಾರೂ ಹೇಳಿದ್ದೂ ಅಲ್ಲ.

ಗಿಡದ ಹೆಸರು ಪೆನಿರಾಯಲ್. ಯೂರೋಪಿನ ಹೆಂಗಸರು ಹಿಂದೆ ಹೊಟ್ಟೆಯುಬ್ಬರಕ್ಕೆ, ನಿಂತ ಮುಟ್ಟು ತರಿಸುವುದಕ್ಕೆ ಕುಡಿಯುತ್ತಿದ್ದ ಸೊಪ್ಪು. ಗರ್ಭಿಣಿಯರಿಗೆ ಸಲ್ಲದು. ಇದರ ಎಣ್ಣೆಯಂತೂ ಲಿವರ್ ಕೆಡಿಸಿ ಜೀವ ತೆಗೆದದ್ದುಂಟು. ನರ್ಸರಿಯಲ್ಲಿ ಮಾತ್ರ ಇದು ನೆಲಕ್ಕೆ ಹಬ್ಬಿಸುವ ಅಂದದ ಗಿಡ. ಯಾರೋ ತಂದರು, ಪುದೀನದ ಜಾತಿ ಎಂದರು. ಉಳಿದದ್ದನ್ನು ನಮ್ಮವರೇ ಮಾಡಿದರು: ಅರಿಶಿನ-ಕುಂಕುಮಕ್ಕೆ ಬಂದವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಕಡ್ಡಿ. ಊರಿನಲ್ಲಿದ್ದಾಗ ಹಿತ್ತಲ ಗಿಡ ಮದ್ದಲ್ಲ. ಪರದೇಶಕ್ಕೆ ಬಂದ ಮೇಲೆ ಹಿತ್ತಲಲ್ಲಿ ಚಿಗುರಿದ್ದೆಲ್ಲ ಮದ್ದೇ. ನನಗೆ ಸಿಟ್ಟು ಬರುವುದು ಇಲ್ಲೇ.

ಎರಡು ವರ್ಷದ ಹಿಂದೆ, 2006ರ ಗೌರಿ ಹಬ್ಬಕ್ಕೆ, ಸರಸ್ವತಿ ಪಕ್ಕದ ಮನೆಯ ಪ್ರಾರ್ಥನಾಗೆ ಕಡ್ಡಿ ಕೊಟ್ಟರು. ಅದು ನೆಲ ತುಂಬ ಹಬ್ಬಿದ ಹೊತ್ತಿಗೆ ಆಕೆಗೆ ಮೂರು ತಿಂಗಳು, ವಿಪರೀತ ವಾಂತಿ. "ಕುದಿಸಿ ಕುಡಿಯಮ್ಮಾ, ವಾಂತಿ ನಿಲ್ಲುತ್ತೆ ಅಂದೆ. ಈ ಬಾಯಿಂದ್ಲೇ ಅಂದೆ." ಪ್ರಾರ್ಥನಾ ದಿನಾ ಕುಡಿದಳು. ಗರ್ಭ ಉಳಿಯಲಿಲ್ಲ.

ಎಲೆ ನೋಡಿ ಹೆಸರು ಹೇಳಿದ ಡಾಕ್ಟರು, ಇದರಿಂದಲೇ ಎನ್ನಲಾರೆ, ಅಲ್ಲವೆಂದೂ ಹೇಳಲಾರೆ ಎಂದರು. ಆ ಮಾತು ಎರಡೂ ಮನೆಗಳನ್ನು ಇವತ್ತಿಗೂ ಸುಡುತ್ತಿದೆ. ತಾವು ಕಡ್ಡಿ ಹಂಚಿದ ಮನೆಗಳಿಗೆಲ್ಲ ಸರಸ್ವತಿ ತಾವೇ ಹೋಗಿ, ನಡೆದದ್ದನ್ನು ಹೇಳಿ, ಗಿಡ ಕೀಳುತ್ತಾರೆ. ಕೆಲವರು ಬಾಗಿಲು ತೆಗೆಯುವುದಿಲ್ಲ. ಬಾಣಂತನದ ಕರೆಗಳೂ ಕಡಿಮೆಯಾಗಿವೆ.

ಪ್ರಾರ್ಥನಾಳ ಮನೆಯವರು ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿದ್ದಾರೆ. "ಆಂಟಿ ಬೇಕಂತ ಮಾಡ್ಲಿಲ್ಲ, ಐ ನೋ," ಎನ್ನುತ್ತಾಳೆ ಆಕೆ, ಗೇಟಿನ ಹತ್ತಿರವೇ ನಿಂತು. "ಬಟ್ ಅವ್ರ ಮುಖ ನೋಡೋಕಾಗಲ್ಲ ನಂಗೆ." ಈಗ ಆಕೆಗೆ ಮತ್ತೆ ಏಳು ತಿಂಗಳು.

ಬಾಣಂತನಕ್ಕೆ ಕರೆದಾರೇ ಎಂದು ಸರಸ್ವತಿಯನ್ನು ಕೇಳುತ್ತೇನೆ. ಅವರು ಬೇರಿನ ಮಣ್ಣು ಕೊಡವುತ್ತಾರೆ.

"ಕರೀಬಾರ್ದು. ಯಾರಾದ್ರೂ ಒಳ್ಳೇ ಕೈಯವ್ರು ನೀರು ಹಾಕ್ಲಿ. ಮಗು ಅಳೋದು ಬೇಲಿ ಈಚೆ ನನಗೂ ಕೇಳಿಸಿದ್ರೆ ಸಾಕು."