ಹಾಡು ನಿಂತ ಕೇರಿ

ಮಾದೇವಿಯ ಎಡಗೈ ಮಣಿಕಟ್ಟು ಸೊಟ್ಟಗಿದೆ. ಹೊನ್ನಾವರದಲ್ಲಿ ದಿನಾ ಬೆಳಿಗ್ಗೆ ಕಸದ ಗಾಡಿಯ ಹತ್ತಿರ ಅವಳ ಕೈಗೆ ಬಕೆಟ್ಟು ಕೊಡುವವರೆಲ್ಲ ಅದನ್ನು ನೋಡಿದ್ದಾರೆ, ಯಾಕೆಂದು ಕೇಳಿದವರು ಕಡಿಮೆ. ಕೇಳಿದವರಿಗೆ ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ: ಗಂಡ ಕುಪ್ಪ ಮುರಿದದ್ದು, ಒನಕೆಯಿಂದ, ಮದುವೆಯಾದ ಮೂರನೇ ವರ್ಷ. ಕರ್ಕಿ ಎಂಬ ಊರಿನ ಆ ಗಂಡನ ಮನೆಗೆ ಆಚೆಗೊಂದು, ಈಚೆಗೊಂದು ನೆರೆಮನೆ. ಅವಳು ಕೂಗಿಕೊಂಡಾಗ ಒಂದರಲ್ಲಿ ಕಿಟಕಿ ಮುಚ್ಚಿದರು, ಇನ್ನೊಂದರಲ್ಲಿ ರೇಡಿಯೋ ಜೋರು ಮಾಡಿದರು. ಕುಪ್ಪ ಕುಡಿದು ಕುಡಿದು ಸತ್ತು ಹನ್ನೆರಡು ವರ್ಷವಾಯಿತು. ಅವನ ಮೇಲಿನ ಸಿಟ್ಟು ಅವನ ಜೊತೆಗೇ ಮಣ್ಣಾಯಿತು. ಆ ರೇಡಿಯೋದ ಮೇಲಿನ ಸಿಟ್ಟು ಮಾತ್ರ ಹಾಗೇ ಇದೆ.

ಊರಿಗೆ ಹೊಸಬರು ಬಂದರೆ ಅವರ ಗುರುತು ಮೊದಲು ಹತ್ತುವುದು ಕಸದ ಗಾಡಿಯವರಿಗೆ. ಮನೆ ಬಾಡಿಗೆಗೆ ಕೊಟ್ಟವರಿಗೂ ಗೊತ್ತಿಲ್ಲದ್ದು ಮಾದೇವಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಯಾರು ಮೀನು ತಿನ್ನುತ್ತಾರೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ದೇವರ ಫೋಟೋದ ಹಳೇ ಹೂವಿನಡಿ ಅಡಗಿಸುತ್ತಾರೆ, ಎಲ್ಲ. ಅದಕ್ಕೆ ಬದಲಾಗಿ ಅವಳೂ ಊರಿನ ಗುಟ್ಟು ಕೊಡುತ್ತಾಳೆ. ನಲ್ಲಿ ನೀರು ಯಾವ ದಿನ, ಮೀನಿನ ಬುಟ್ಟಿಯವಳು ಎಷ್ಟು ಹೊತ್ತಿಗೆ, ಇಡಗುಂಜಿಯ ಬಸ್ಸು ಎಲ್ಲಿ ನಿಲ್ಲುತ್ತದೆ, ಮಗುವಿಗೆ ಜ್ವರ ಬಂದರೆ ಯಾವ ಡಾಕ್ಟರು ಸುಮ್ಮನೆ ಸೂಜಿ ಚುಚ್ಚುವುದಿಲ್ಲ. ಇಷ್ಟನ್ನೂ ಬಕೆಟ್ಟು ಬೋರಲು ಹಾಕುವಷ್ಟರಲ್ಲಿ ಹೇಳಿ ಮುಗಿಸುತ್ತಾಳೆ, ಅದೂ ಗಾಡಿಯ ಸ್ಪೀಕರಿನಲ್ಲಿ ಕೂಗುವ ಹಾಡಿನ ಮೇಲೆ ದನಿ ಎತ್ತಿ. ಆ ಹಾಡು ಎಂಥ ಗಟ್ಟಿ ಎಂದರೆ, ಸ್ವಚ್ಛತೆಯ ಬಗ್ಗೆ ಅದು ಏನು ಹೇಳುತ್ತದೆಂದು ಯಾರಿಗೂ ಇಂದಿಗೂ ತಿಳಿದಿಲ್ಲ.

ವಿನುತಾ ಬಂದದ್ದು ಹೋದ ವರ್ಷ ದೀಪಾವಳಿಯಾದ ಮೇಲೆ, ಗದಗದ ಕಡೆಯಿಂದ. ಗಂಡ ನರೇಶ ಹೆದ್ದಾರಿ ಕಾಮಗಾರಿಯಲ್ಲಿ ಸೂಪರ್‌ವೈಸರ್. ಪೇಟೆಯ ಹಿಂದಿನ ಕೇರಿಯ ತಿರುವಿನಲ್ಲಿ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಅಕ್ಕೋರು ಮೂಕಾಂಬಿಕಾ ತಮ್ಮ ಮನೆಗೆ ತಾಗಿಸಿ ಕಟ್ಟಿಸಿದ್ದ ಎರಡು ಕೋಣೆ ಅವರದು. ಮೊದಲ ದಿನ ವಿನುತಾ ಗಾಡಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ್ದು ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು. ಮಾದೇವಿ ಮಾರನೆಯ ದಿನ ಗಿರಣಿಯ ದಾರಿ ವಿಚಾರಿಸಿಕೊಂಡು ಬಂದು ಹೇಳಿದಳು. ಅದಾಗಿ ದಿನಕ್ಕೊಂದು ಪ್ರಶ್ನೆ, ದಿನಕ್ಕೊಂದು ನಗು. ಒಂದು ಸಲ ಎರಡು ರೊಟ್ಟಿಯನ್ನೂ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದಳು.

ಮೂರನೇ ತಿಂಗಳಿಗೆ ಬಕೆಟ್ಟು ತರುವವನು ನರೇಶನಾದ. ಆಮೇಲೆ ಅವನೂ ಬರಲಿಲ್ಲ. ಗಾಡಿ ಬರುವ ಮೊದಲೇ ಬಕೆಟ್ಟು ಗೇಟಿನ ಹೊರಗೆ ಇರುತ್ತಿತ್ತು, ಬಾಗಿಲು ಹಾಕಿರುತ್ತಿತ್ತು. ಅವನು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಬೀಳುತ್ತದೆ ಎಂದು ಮೀನಿನವಳು ಹೇಳಿದಳು. ಒಂದು ದಿನ ಒಣ ಕಸ ಬೇರೆ ಮಾಡುವಾಗ ಮಾದೇವಿಯ ಕೈಗೆ ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ಹಿಡಿ ಕೂದಲು. ಬಾಚಣಿಗೆಯಿಂದ ತೆಗೆದ ಕೂದಲಲ್ಲ, ಬುಡದಲ್ಲಿ ಚರ್ಮ ಒಣಗಿ ಅಂಟಿತ್ತು. ಸತ್ತ ನಾಯಿಯನ್ನು ಬರಿಗೈಲಿ ಎತ್ತಿ ಹಾಕುವವಳು, ಅವತ್ತು ಗಾಡಿಯ ಚಕ್ರಕ್ಕೆ ಕೈ ಊರಿ ನಿಂತುಬಿಟ್ಟಳು.

ನಿಜ ತಿಳಿದದ್ದು ಅದರ ಮುಂದಿನ ವಾರ. ತಿರುವಿನಲ್ಲಿ ಗಾಡಿ ನಿಂತಿತ್ತು, ಸ್ಪೀಕರಿನ ವಯರು ಸಡಿಲಾಗಿ ಹಾಡು ಒಂದು ಗಳಿಗೆ ಕಡಿಯಿತು. ಗೇಟಿನ ಬಳಿ ಬಗ್ಗಿದ್ದ ಮಾದೇವಿಗೆ ಒಳಗಿನಿಂದ ಛಟಾರನೆ ಒಂದು ಏಟು ಕೇಳಿತು, ಅದರ ಹಿಂದೆಯೇ ಬಾಯಿ ಅದುಮಿದ ಹೆಂಗಸಿನ ದನಿ. ಡ್ರೈವರ್ ಮಂಜ ವಯರು ತಿವಿದ, ಹಾಡು ಮತ್ತೆ ಬಂತು, ಎಲ್ಲ ಮುಚ್ಚಿಹೋಯಿತು. ಬಕೆಟ್ಟು ಮೊದಲೇ ಹೊರಗೆ ಬರುವುದು ಯಾಕೆಂದು ಅವಳಿಗೆ ಆಗ ಹೊಳೆಯಿತು. ಆ ಬೇವರ್ಸಿ ದಿನಾ ಹಾಡಿಗೆ ಕಾಯುತ್ತಿದ್ದ. ಅದು ಕೂಗುವಷ್ಟು ಹೊತ್ತು ಹೊಡೆದು, ಗಾಡಿ ಮುಂದೆ ಹೋದ ಮೇಲೆ ಸ್ನಾನ ಮಾಡಿ ಕೆಲಸಕ್ಕೆ ಹೋಗುತ್ತಿದ್ದ. ಮೂವತ್ತು ವರ್ಷದ ಹಿಂದಿನ ಆ ರೇಡಿಯೋವನ್ನು ಈಗ ತಾನೇ ಮನೆಮನೆಗೆ ಹೊತ್ತುಕೊಂಡು ಹೋಗುತ್ತಿದ್ದೇನೆ ಅನ್ನಿಸಿ ಅವಳಿಗೆ ಮೈಯೆಲ್ಲ ಉರಿಯಿತು.

ಅವಳು ನೇರ ಮೂಕಾಂಬಿಕಾ ಅವರ ಅಂಗಳಕ್ಕೆ ಹೋದಳು. ಇಷ್ಟು ಹತ್ತಿರ, ನಡುವೆ ಒಂದೇ ಗೋಡೆ.

"ನಾ ಎಂತದೂ ಕೇಳ್ಳಿಲ್ಲ ಮಾರಾಯ್ತಿ," ಎಂದರು ಅಕ್ಕೋರು. "ಕೇಳದೇ ಇದ್ದದ್ದು ಹೆಂಗೆ ಹೇಳೂದು?"

ಸುಳ್ಳೇನಲ್ಲ, ಅವರು ಪೂರ್ತಿ ಕೇಳಿರಲಿಲ್ಲ. ಕೇಳಬಾರದೆಂದು ಕೆಲವು ಸಲ ಒಳಕೋಣೆಗೆ ಹೋದದ್ದಿತ್ತು, ಅದನ್ನು ಹೇಳಲಿಲ್ಲ. ಗಾಡಿಗೆ ಮರಳಿದಾಗ, ಪೊಲೀಸರಿಗೆ ಹೇಳೋಣ ಎಂದ ಮಂಜ. ಹೇಳಿದರೆ ನರೇಶ ಇಲ್ಲ ಎನ್ನುತ್ತಾನೆ, ಕೇರಿ ಕೇಳಿಲ್ಲ ಎನ್ನುತ್ತದೆ, ಮರುದಿನ ಹಾಡು ಬಂದಾಗ ಆ ಹುಡುಗಿಯ ಗತಿ ಎಂತದು ಎಂದು ಮಾದೇವಿ ಕೇಳಿದಳು.

ಬುಧವಾರ ಬೆಳಿಗ್ಗೆ ಗಾಡಿ ಎಂದಿನಂತೆ ಹಾಡುತ್ತ ತಿರುವಿಗೆ ಬಂತು. ಮಾದೇವಿ ಅವತ್ತು ಕೈ ನಿಧಾನ ಮಾಡಿದಳು. ಒಬ್ಬೊಬ್ಬರ ಬಕೆಟ್ಟು ತೆಗೆದುಕೊಂಡು ಇದರಲ್ಲಿ ಹಸಿ ಯಾಕೆ ಬಂತು, ಒಣ ಯಾಕೆ ಬಂತು ಎಂದು ತಗಾದೆ ತೆಗೆದಳು. ಹದಿನಾಲ್ಕು ಮನೆಯವರೂ ಮೀನಿನ ಹೊಟ್ಟೆ, ಬಾಳೆಸಿಪ್ಪೆ ಹಿಡಿದುಕೊಂಡು ರಸ್ತೆಯ ಮೇಲೆ ಒಟ್ಟಾದರು. ಮೂಕಾಂಬಿಕಾ ಕೊನೆಗೆ ಬಂದರು. ಆಗ ಮಾದೇವಿ ಕೈಯೆತ್ತಿದಳು, ಮಂಜ ಹಾಡು ಆರಿಸಿದ.

ಒಳಗಿದ್ದವನು ಹೊಡೆಯುವ ಭರದಲ್ಲಿದ್ದ, ಹಾಡು ನಿಂತದ್ದು ಅವನಿಗೆ ತಕ್ಷಣ ತಿಳಿಯಲಿಲ್ಲ. ಬೆಲ್ಟಿನ ಏಟು, ಒಂದು. ಎರಡು. ತಲೆ ಗೋಡೆಗೆ ಬಡಿದ ಸದ್ದು. "ಬ್ಯಾಡ್ರೀ, ನಿಮ್ಮ ಕಾಲಿಗೆ ಬೀಳ್ತೀನ್ರೀ" ಎಂಬ ದನಿ, ಮತ್ತೆ ಏಟು. ಬಿಸಿಲು ಬಿದ್ದ ರಸ್ತೆಯಲ್ಲಿ ಹದಿನಾಲ್ಕು ಮನೆಯ ಜನ ನಿಂತು ಕೇಳಿದರು. ಒಬ್ಬರ ಕೈಯಿಂದ ಬಕೆಟ್ಟು ಜಾರಿತು, ಅದರ ಸದ್ದಿಗೆ ಒಳಗಿನದು ನಿಂತಿತು.

ಮಾದೇವಿ ಕಸ ಎಳೆಯುವ ಕಬ್ಬಿಣದ ಕೊಕ್ಕೆ ತೆಗೆದುಕೊಂಡು ಹೋಗಿ ಬಾಗಿಲಿಗೆ ಬಡಿದಳು, ಹಲಗೆ ಸೀಳುವಂತೆ. ಐದನೆಯ ಏಟಿಗೆ ನರೇಶ ಬಾಗಿಲು ತೆಗೆದ. ಬನಿಯನ್ನಿನ ಮೇಲೆ ರಕ್ತದ ಹನಿಗಳಿದ್ದವು, ಅವು ಅವನವಲ್ಲ. ಕಸದವಳಿಗೆ ನನ್ನ ಮನೆಯಲ್ಲಿ ಏನು ಕೆಲಸ ಎನ್ನುತ್ತ ಬೆಲ್ಟನ್ನು ಬೀಸಿದ. ಬಕಲು ಅವಳ ಕೆನ್ನೆ ಸೀಳಿತು, ಬಾಯಿಗೆ ರಕ್ತದ ಉಪ್ಪು ಬಂತು. ಅವನು ಮತ್ತೆ ಕೈಯೆತ್ತಿದಾಗ ಅವಳು ಕೊಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮಣಿಕಟ್ಟಿನ ಮೇಲೆ ಇಳಿಸಿದಳು. ಎಲುಬು ಮುರಿಯಿತು. ಆ ಸದ್ದಿನ ಪರಿಚಯ ಅವಳಿಗಿತ್ತು.

ಅವನು ಕೈ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದ. ಮಾದೇವಿ ಕೊಕ್ಕೆಯನ್ನು ಇನ್ನೊಮ್ಮೆ ಎತ್ತಿದಳು, ಈ ಸಲ ತಲೆಗೆ. ಅವನನ್ನು ಕೊಂದುಬಿಡಬೇಕು ಎಂದೇ ಅನ್ನಿಸಿತ್ತು, ಅದನ್ನು ಅವಳು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಅಷ್ಟರಲ್ಲಿ ವಿನುತಾ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಒಂದು ಕಣ್ಣು ಊದಿ ಮುಚ್ಚಿತ್ತು, ಕಿವಿಯಿಂದ ರಕ್ತ ಕತ್ತಿಗೆ ಇಳಿದಿತ್ತು. ಅವಳು ಗಂಡನನ್ನು ನೋಡಲಿಲ್ಲ, ರಸ್ತೆಯನ್ನು ನೋಡಿದಳು.

"ಅಕ್ಕಾ, ನನ್ನ ಚಪ್ಪಲಿ ಎಲ್ಲಿ ಮುಚ್ಚಿಟ್ಟಾನೋ ಗೊತ್ತಿಲ್ಲ," ಎಂದಳು.

ಮಾದೇವಿಯ ಕೈ ಕೆಳಗಿಳಿಯಿತು. ಮೂಕಾಂಬಿಕಾ ಗುಂಪಿನಿಂದ ಮುಂದೆ ಬಂದು ತಮ್ಮ ಚಪ್ಪಲಿ ಬಿಟ್ಟು ಹೊಸ್ತಿಲ ಕೆಳಗೆ ಜೋಡಿಸಿಟ್ಟರು. ಬರಿಗಾಲಲ್ಲಿ ನಿಂತು ಅಳುತ್ತಿದ್ದರು. ಗಂಡನನ್ನು ದಾಟಿ ಬಂದು ವಿನುತಾ ಆ ಚಪ್ಪಲಿ ಮೆಟ್ಟಿದಳು. ಕಸದ ಗಾಡಿಯ ಮುಂದಿನ ಸೀಟಿನಲ್ಲೇ ಆಸ್ಪತ್ರೆಗೆ ಹೋದಳು.

ಠಾಣೆಯಲ್ಲಿ ಹದಿನಾಲ್ಕು ಮನೆಯಿಂದ ಹನ್ನೊಂದು ಜನ ಕೇಳಿದ್ದೇವೆ ಎಂದು ಬರೆದುಕೊಟ್ಟರು, ಮೊದಲ ಸಹಿ ಅಕ್ಕೋರದು. ನರೇಶನ ಮೇಲೆ ಹೆಂಡತಿಯನ್ನು ಹೊಡೆದ ಕೇಸು, ಮಾದೇವಿಯ ಮೇಲೂ ಅವನ ಕೈ ಮುರಿದ ಕೇಸು ನಡೆಯುತ್ತಿದೆ. ಕೋರ್ಟಿನ ದಿನ ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗುತ್ತಾಳೆ. ವಿನುತಾ ಈಗ ಕುಮಟೆಯಲ್ಲಿ ಒಂದು ಕೋಣೆ ಹಿಡಿದು, ಹೆದ್ದಾರಿ ಕೆಲಸಕ್ಕೆ ಬಂದ ಬಯಲುಸೀಮೆಯವರಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ರಕ್ತ ಇಳಿದಿದ್ದ ಆ ಕಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಗಾಡಿ ಈಗಲೂ ಊರೆಲ್ಲ ಹಾಡುತ್ತ ತಿರುಗುತ್ತದೆ. ಆ ಕೇರಿಯ ಬಾಯಿಗೆ ಬಂದೊಡನೆ ಮಂಜ ಅದನ್ನು ಆರಿಸುತ್ತಾನೆ, ಯಾರನ್ನೂ ಕೇಳಿ ಮಾಡಿದ ಏರ್ಪಾಡಲ್ಲ. ಎರಡು ಸಲ ಕಸ ಕೊಡುವುದು ತಪ್ಪಿದ ಮೇಲೆ ಮೂಕಾಂಬಿಕಾ ಗೇಟಿನಲ್ಲಿ ನಿಂತು, ಹಾಡಿಲ್ಲದಿದ್ದರೆ ಗಾಡಿ ಬಂದದ್ದು ಹೇಗೆ ತಿಳಿಯಬೇಕು ಎಂದು ಕೇಳಿದರು.

ಮಾದೇವಿ ಬಕೆಟ್ಟು ಬೋರಲು ಹಾಕಿ, ತಟ್ಟಿ, ಅವರ ಕೈಗೆ ವಾಪಸು ಕೊಟ್ಟಳು.

"ಕಿವಿ ಕೊಡಿ ಅಕ್ಕೋರೇ," ಎಂದಳು. "ಕೇಳ್ತದೆ."