ಬೆಳಿಗ್ಗೆ ಹನ್ನೊಂದಕ್ಕೆ ಕಾರಿನಲ್ಲಿ ಮಲಗಿದ್ದವಳಿಗೆ

ನಯನಾ, ಸಂಡೇಬಯರ್ ಎಂಬ ಹೆಸರಿನಲ್ಲಿ ನಿನ್ನ ಆಟದ ಇಂಟರ್ನೆಟ್ ಪುಟದಲ್ಲಿ ಬರೆಯುತ್ತಿದ್ದವನು ನಾನು. ನಿನ್ನ ಬಸವರಾಜ ಅಂಕಲ್. ನೀನು ಅಂದುಕೊಂಡ ಹಾಗೆ ಟೆಸ್ ಅಲ್ಲ — ಟೆಸ್‌ಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮೊದಲು ಇಷ್ಟು ನಿನಗೆ ಮುಟ್ಟಲಿ. ಉಳಿದದ್ದನ್ನು ಓದುವುದು, ಬಿಡುವುದು ನಿನ್ನ ಇಷ್ಟ.

ಮೂರು ವರ್ಷ ಈ ಮಾತನ್ನು ಬಾಯಲ್ಲಿಟ್ಟುಕೊಂಡೇ ಓಡಾಡಿದೆ. ಮಾತಿಗೆ ಬರಗಾಲ ಇರುವ ಮನುಷ್ಯನಲ್ಲ ನಾನು, ನಿನಗೇ ಗೊತ್ತು. ಮೆಂತ್ಯದ ಕಟ್ಟಿಗೆ ಬಂದವರಿಗೆ ಮಗಳ ಮದುವೆ ಹೇಗೆ ಮಾಡಬೇಕು, ಹಳೆಯ ಯೂಟ್ ಗಾಡಿ ಯಾರ ಹತ್ತಿರ ಕೊಳ್ಳಬಾರದು, ಎಲ್ಲ ಹೇಳಿ ಕಳಿಸುವವನು. ಇದೊಂದು ಮಾತ್ರ ಹೊರಗೆ ಬರಲಿಲ್ಲ.

ನೀನು ನಮ್ಮ ಹಿತ್ತಲಿನ ಕೋಣೆಗೆ ಬಾಡಿಗೆಗೆ ಬಂದಾಗ ನಮ್ಮ ಊರಿನ ಇನ್ನೊಂದು ತುದಿಯ ಆಲ್ಬನಿಯಲ್ಲಿ ಓದು ಮುಗಿಸಿ, ಸಿಕ್ಕಿದ್ದ ಒಳ್ಳೆಯ ಕೆಲಸವನ್ನೂ ಬಿಟ್ಟಿದ್ದೆ. ಒಬ್ಬಳೇ ಕೂತು ಕಂಪ್ಯೂಟರ್ ಆಟ ಮಾಡುತ್ತೇನೆ ಅಂದೆ. ಅದರ ಹೆಸರು ‘ಅಂಚೆ ದೋಣಿ’ — ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಕಾಗದ ಹಂಚುವ ಹುಡುಗಿಯ ಆಟ. ಚಿತ್ರ ಬಿಡಿಸುವವಳು ನಿನ್ನ ಗೆಳತಿ ಟೆಸ್. ಕೊನೆಯ ದ್ವೀಪದ ದೀಪಸ್ತಂಭದಲ್ಲಿರುವ ಅಜ್ಜಿಗೆ ನಮ್ಮ ಗಿರಿಜಾಳ ದನಿಯೇ ಬೇಕು ಎಂದು ಹಟ ಹಿಡಿದೆ. ನನ್ನ ಹೆಂಡತಿ ಐವತ್ತರ ವಯಸ್ಸಿನಲ್ಲಿ ನಾಚಿಕೊಂಡು, ಬಚ್ಚಲಮನೆಗೆ ಹೋಗಿ ನಾಲ್ಕು ಸಲ ಅಭ್ಯಾಸ ಮಾಡಿ, ನಿನ್ನ ಮೈಕಿನ ಮುಂದೆ ಕೂತು ರಾಣೆಬೆನ್ನೂರಿನ ಮಾತಿನಲ್ಲಿ ಹೇಳಿದಳು: “ತಡ ಆತು ಅಂತ ಬೈಯೂದಿಲ್ಲವ್ವ, ಒಳಗ ಬಾ. ಮೊದ್ಲ ಉಣ್ಣು.” ಆ ದಿನ ನಾವು ಮೂವರೂ ಎಷ್ಟು ನಕ್ಕೆವು.

ಆಮೇಲೆ ಎರಡು ವರ್ಷವಾಯಿತು. ಮೂರಾಯಿತು. ಭಾನುವಾರ ಏವನ್‌ಡೇಲ್ ಸಂತೆಯಿಂದ ಬಂದು ವ್ಯಾನಿನಿಂದ ಖಾಲಿ ಕ್ರೇಟು ಇಳಿಸುತ್ತಾ ಕೇಳುತ್ತಿದ್ದೆ, “ಏನವ್ವ, ದೋಣಿ ಎಲ್ಲಿಗೆ ಬಂತು?”

“ಇನ್ನೂ ಹುಟ್ಟು ಹಾಕ್ತಾನೇ ಇದೀನಿ ಅಂಕಲ್. ಮುಳುಗಿಲ್ಲ.”

“ನನಗ ಒಂದು ವಾರ ಕೊಡು, ಮೋಟಾರ್ ಹಚ್ಚಿ ದಂಡಿಗೆ ತರ್ತೀನಿ.”

ಗಿರಿಜಾ ಒಳಗಿನಿಂದಲೇ ಬೈಯುತ್ತಿದ್ದಳು: “ಅದೇನು ನಿಮ್ಮ ಮೆಂತ್ಯ ಅಲ್ರಿ, ನಾಳಿ ಬಾಡೂದಕ್ಕ. ಸುಮ್ನಿರ್ರಿ.”

ಸುಮ್ಮನಿರುವುದು ನನಗೆ ಬರುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಒಂದು ಮಡಚುವ ಮೇಜು, ಎರಡು ಚೀಲ ಹಸಿಮೆಣಸಿನಕಾಯಿ ಇಟ್ಟುಕೊಂಡು ಆ ಸಂತೆಯಲ್ಲಿ ನಿಂತವನು ನಾನು. ಮೊದಲ ತಿಂಗಳು ಯಾರೂ ನಮ್ಮ ಮೇಜಿನ ಹತ್ತಿರ ಬರುತ್ತಿರಲಿಲ್ಲ. ಆಗ ಗಿರಿಜಾಳನ್ನೇ ಗಿರಾಕಿಯ ಹಾಗೆ ಎದುರಿಗೆ ನಿಲ್ಲಿಸಿದೆ. ಅವಳು ಮೆಣಸಿನಕಾಯಿ ಎತ್ತಿ, “ಏನಣ್ಣ, ಬಾಡ್ಯಾವಲ್ಲ” ಅನ್ನಬೇಕು, ನಾನು ಜಗಳಕ್ಕೆ ನಿಲ್ಲಬೇಕು. ಜಗಳ ನಡೆದ ಕಡೆ ಜನ ನಿಲ್ಲುತ್ತಾರೆ. ಹಾಗೆಯೇ ಶುರುವಾದದ್ದು ನಮ್ಮ ವ್ಯಾಪಾರ. ಕೊಳ್ಳುವಾಗಲೂ ಅಷ್ಟೆ. ಬೇಕಾದ ಮಾಲನ್ನು ಮೊದಲು ಹಳಿಯಬೇಕು. ಹಳಿದರೆ ಮಾರುವವನಿಗೆ ಗೊತ್ತಾಗುತ್ತದೆ, ಇವನು ಬಿಟ್ಟು ಹೋಗುವ ಗಿರಾಕಿಯಲ್ಲ ಅಂತ. ಹಳಿಯದೆ ಮುಂದೆ ಹೋಗುವವನಿಗೆ ಮಾಲು ಬೇಡ. ನಿನಗೂ ಒಂದು ಮಾತು ಹೇಳುತ್ತೇನೆ, ವ್ಯಾಪಾರದಲ್ಲಿ ಯಾವಾಗಲೂ — ಇಲ್ಲ. ನೋಡು, ಇಲ್ಲೂ ಉಪದೇಶಕ್ಕೆ ಶುರು ಮಾಡಿದೆ. ಬಿಟ್ಟೆ.

ಸಂತೆಯಲ್ಲಿ ಹಳಿಯುವವನ ಮುಖ ಕಾಣುತ್ತದೆ, ನಯನಾ. ಬಾಯಿ ಬೈದರೂ ಕಣ್ಣು ನಗುತ್ತಿರುತ್ತದೆ. ಇದು ನನಗೆ ಬಹಳ ತಡವಾಗಿ ಹೊಳೆಯಿತು.

ನಿನ್ನ ಆಟದ ಪುಟವನ್ನು ನನ್ನ ಫೋನಿಗೆ ಹಾಕಿಕೊಟ್ಟವಳು ನೀನೇ, ಗಿರಿಜಾ ತನ್ನ ದನಿ ಕೇಳಲಿ ಅಂತ. ತಿಂಗಳಿಗೊಮ್ಮೆ ಅಲ್ಲಿ ನೀನು ಕೆಲಸ ಎಲ್ಲಿಗೆ ಬಂತೆಂದು ಬರೆಯುತ್ತಿದ್ದೆ. ಒಂದು ತಿಂಗಳು, ಸಮುದ್ರವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಇನ್ನೊಂದು ತಿಂಗಳು, ಮಣಿಕಟ್ಟಿನ ನೋವು. ಕೆಳಗೆ ಜನ ಗೊಣಗುತ್ತಿದ್ದರು — ಬರೀ ನೆಪ, ಬರೀ ನೆಪ. ಓದಿ ನನಗೆ ಅನಿಸಿತು: ಇವರಿಗೆ ಚೌಕಾಸಿ ಗೊತ್ತಿಲ್ಲ, ನಾನು ತೋರಿಸುತ್ತೇನೆ. ಸಂಡೇಬಯರ್, ಭಾನುವಾರದ ಗಿರಾಕಿ, ಅಂತ ಇಂಗ್ಲಿಷಿನಲ್ಲಿ ಹೆಸರಿಟ್ಟುಕೊಂಡೆ. ಮೊದಲು ಬರೆದದ್ದು ಇಷ್ಟೇ: “ಮೂರು ವರ್ಷದಿಂದ ಒಂದೇ ದೋಣಿ. ಇಷ್ಟರಲ್ಲಿ ನಿಜವಾದ ದೋಣಿಯನ್ನೇ ಕಟ್ಟಬಹುದಿತ್ತು.”

ಜನ ನಕ್ಕರು. ಮೆಚ್ಚಿಕೊಂಡರು. ನಿನ್ನನ್ನು ಚುರುಕು ಮಾಡಲು ಬರೆದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಈ ದೇಶದಲ್ಲಿ ಇಪ್ಪತ್ತು ವರ್ಷದಿಂದ ನಾನು ಬಾಯಿ ತೆರೆದರೆ ಎದುರಿನವರು “ಸಾರಿ?” ಎಂದು ಕಿವಿ ಮುಂದೆ ತರುತ್ತಾರೆ. ಅಲ್ಲಿ ಯಾರೂ ಕಿವಿ ಮುಂದೆ ತರಲಿಲ್ಲ. ಅಲ್ಲಿ ನನ್ನ ಇಂಗ್ಲಿಷಿಗೆ ರಾಣೆಬೆನ್ನೂರು ಅಂಟಿರಲಿಲ್ಲ. ನಾನು ಅಂದದ್ದಕ್ಕೆ ಗೊತ್ತಿಲ್ಲದ ಜನ ಹೌದು ಹೌದು ಅನ್ನುತ್ತಿದ್ದರು. ಅದರ ರುಚಿ ಹತ್ತಿತು. ಓಲ್ಡ್‌ಫ್ಯಾನ್ ಎಂದು ಇನ್ನೊಂದು ಹೆಸರು ಮಾಡಿಕೊಂಡು ನನ್ನ ಮಾತಿಗೆ ನಾನೇ ತಲೆದೂಗಿದೆ — ಮೇಜಿನ ಮುಂದೆ ಗಿರಿಜಾಳನ್ನು ನಿಲ್ಲಿಸಿದ ಹಾಗೆ.

ಆಮೇಲಿನ ತಿಂಗಳು ನೀನು ಎರಡೇ ಸಾಲು ಬರೆದೆ. ಹತ್ತಿರದ ಒಬ್ಬ ಆಂಟಿಗೆ ಹುಷಾರಿಲ್ಲ, ಅವರ ಜೊತೆ ಇರಬೇಕಾಗಿದೆ, ಈ ತಿಂಗಳು ಕೆಲಸ ಆಗಿಲ್ಲ, ಕ್ಷಮಿಸಿ.

ಅದರ ಕೆಳಗೆ ನಾನು ಬರೆದದ್ದು ನಿನಗೆ ನೆನಪಿದೆ. ನೆನಪಿರದೆ ಏನು. “ಪ್ರತಿಯೊಬ್ಬ ಸೋಮಾರಿಗೂ ಹುಷಾರಿಲ್ಲದ ಒಬ್ಬ ಆಂಟಿ ಇರುತ್ತಾಳೆ.”

ಅದೇ ವಾರ, ತರಕಾರಿ ತುಂಬಿಕೊಂಡು ವ್ಯಾನಿನಲ್ಲಿ ಬರುತ್ತಿದ್ದಾಗ ನಿನ್ನ ಕಾರು ಕಂಡಿತು. ಪಾರ್ಕಿನ ಬದಿಯ ರಸ್ತೆ. ಅಲ್ಲಿ ದಿನವಿಡೀ ಪುಕ್ಕಟೆ ಕಾರು ನಿಲ್ಲಿಸಬಹುದು ಎಂದು ನಿನಗೆ ಹೇಳಿಕೊಟ್ಟವನು ನಾನೇ. ಬೆಳಿಗ್ಗೆ ಹನ್ನೊಂದು ಗಂಟೆ. ನೀನು ಸೀಟು ಹಿಂದಕ್ಕೆ ಮಾಡಿ, ಬಾಯಿ ಸ್ವಲ್ಪ ತೆರೆದು ಮಲಗಿದ್ದೆ. ರಸ್ತೆಯ ಆಚೆ ಆಸ್ಪತ್ರೆ ಇತ್ತು. ಅಷ್ಟು ದೊಡ್ಡ ಆಸ್ಪತ್ರೆ. ಅದರ ಕಡೆ ನನ್ನ ತಲೆ ಹೋಗಲೇ ಇಲ್ಲ. ಆಗಷ್ಟೇ ತೆರೆದಿದ್ದ ನಮ್ಮ ಅಂಗಡಿಗೆ ಬಂದು, ಕ್ರೇಟು ಕೂಡ ಇಳಿಸದೆ ಬರೆದೆ: “ನಂಬಿಕಸ್ತ ಸುದ್ದಿ. ಈ ಆಟ ಮಾಡುವವಳು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪಾರ್ಕಿನ ಪಕ್ಕ ಕಾರಿನಲ್ಲಿ ನಿದ್ದೆ ಮಾಡುತ್ತಾಳೆ.”

ಓಲ್ಡ್‌ಫ್ಯಾನ್ ಬಂದು, ನಾನೂ ಕೇಳಿದ್ದೇನೆ ಅಂದ.

ಮಾರನೆಯ ದಿನದಿಂದ ನೀನು ಕೋಣೆಯ ಕಿಟಕಿಗೆ ಹಗಲಲ್ಲೂ ಪರದೆ ಎಳೆದಿಟ್ಟೆ. ಬಿಸಿಲು ಬೇಡವೇನೋ ಅಂದುಕೊಂಡೆ.

ಹತ್ತು ದಿನದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಊಟಕ್ಕೆ ಕೂತಾಗ ಗಿರಿಜಾ ನನ್ನ ತಟ್ಟೆಯ ಪಕ್ಕ ಒಂದು ಫೈಲು ಇಟ್ಟಳು. ಎದೆಯಲ್ಲಿ ಗಂಟು. ಸಣ್ಣದು. ಆಲ್ಬನಿಯ ಗೆಳತಿಯ ಮನೆಗೆ ಸೀಮಂತಕ್ಕೆಂದು ಹೇಳಿ ಎರಡು ದಿನ ಹೋಗಿದ್ದಳಲ್ಲ, ಆಗ ಅದನ್ನು ತೆಗೆದಿದ್ದರು. ಆಮೇಲೆ ಐದು ವಾರ, ವಾರಕ್ಕೆ ಐದು ದಿನ, ಕಿರಣದ ಚಿಕಿತ್ಸೆ. ಎಲ್ಲ ಮುಗಿದಿತ್ತು. ನಾನು ಅಂಗಡಿಗೆ ಹೋದ ಮೇಲೆ ಹೊರಟು, ಬರುವುದರೊಳಗೆ ಬಂದು ಅಡುಗೆ ಮಾಡಿರುತ್ತಿದ್ದಳು.

“ನನಗ್ಯಾಕ ಹೇಳಲಿಲ್ಲ?” ಅಂದೆ.

“ಹೊಸಾ ಅಂಗಡಿ ಅಂತ ಓಡಾಡಾಕತ್ತಿದ್ರಿ. ಮತ್ತ ಹೇಳಿದ್ರ ನೀವು ಡಾಕ್ಟರ್ ಜೋಡೀನೂ ಚೌಕಾಸಿಗೆ ನಿಲ್ಲತಿದ್ರಿ. ಐದು ವಾರ ಯಾಕ, ಮೂರಕ್ಕ ಮುಗಸ್ರಿ ಅಂತಿದ್ರಿ.” ನಗುತ್ತಲೇ ಅಂದಳು. ಆಮೇಲೆ ನಗು ನಿಂತಿತು. “ನಯನಾ ಕರ್ಕೊಂಡು ಹೋಗಿ ಕರ್ಕೊಂಡು ಬಂದ್ಲು. ಒಂದು ದಿನಾನೂ ತಪ್ಪಿಸಲಿಲ್ಲ. ನನ್ನ ಮ್ಯಾಲ ಆಣಿ ಹಾಕಿಸ್ಕೊಂಡಿದ್ದೆ, ನಿಮಗ ಹೇಳಬಾರದು ಅಂತ. ಪಾಪ, ಹೊರಗ ಕಾರಿನ್ಯಾಗ ಕುಂತಿರತಿತ್ತು ಕೂಸು. ಬೆಳತನಕ ಅದರ ಆಟದ ಕೆಲಸ, ಹಗಲಿಗೆ ನನ್ನದು.”

ಅನ್ನ ಕಲಸುವುದನ್ನು ಬಿಟ್ಟು ತಟ್ಟೆ ಸರಿಸಿದೆ. ಗಿರಿಜಾ ನನ್ನ ಬೆನ್ನು ಸವರಿದಳು, ತನ್ನ ಕಾಯಿಲೆಯ ಸುದ್ದಿಗೆ ಹೀಗಾದೆ ಎಂದುಕೊಂಡು. ಅದಕ್ಕೂ ಆಗಿತ್ತು. ಆದರೆ ಅದರ ಜೊತೆ ನಾನು ಬರೆದ ಆ ಎರಡು ಸಾಲೂ ಇದ್ದವು.

ಇಲ್ಲಿಯವರೆಗಿನದನ್ನು ಯಾರಾದರೂ ತಿಳಿಯದೆ ಮಾಡಿದ್ದು ಅಂದಾರು. ಮುಂದಿನದನ್ನು ತಿಳಿದೇ ಮಾಡಿದೆ.

ಎರಡು ದಿನದ ಮೇಲೆ ನೀನು ನಮ್ಮ ಅಡುಗೆಮನೆಗೆ ಬಂದೆ. ಕಣ್ಣು ಊದಿತ್ತು. ಫೋನ್ ಮೇಜಿನ ಮೇಲಿಟ್ಟು, ನನ್ನ ಸಾಲನ್ನು ನನಗೇ ಓದಿ ಹೇಳಿದೆ.

“ನಾನ್ ಅಲ್ಲಿ ಕಾರಲ್ಲಿ ಇರ್ತೀನಿ ಅಂತ ಟೆಸ್‌ಗೊಬ್ಳಿಗೇ ಗೊತ್ತಿತ್ತು ಅಂಕಲ್. ದಿನಾ ಅಲ್ಲಿಂದ್ಲೇ ಅವಳ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ಅವಳೇ ಅಲ್ವಾ? ಇನ್ಯಾರ್ ಇರ್ತಾರೆ ಹೇಳಿ.”

ಗಿರಿಜಾ ಅಂದಳು, “ಟೆಸ್ ಅಂಥಾಕಿ ಅಲ್ಲ ಬಿಡವ್ವ. ವರ್ಷಕ್ಕೊಮ್ಮಿ ಅವ್ರವ್ವನ ಗಿಡದ ಫೀಜೋವಾ ಹಣ್ಣು ಹೊತ್ಕೊಂಡು ಬರ್ತಾಳ ನಮಗ.”

ನೀನು ನನ್ನ ಮುಖ ನೋಡಿದೆ. ನಾನು ವ್ಯವಹಾರ ಬಲ್ಲವನು, ನನ್ನ ಮಾತಿಗೆ ತೂಕ ಇತ್ತು. ಒಂದು ಉಸಿರಿನಷ್ಟು ಹೊತ್ತು — ಅಷ್ಟರಲ್ಲಿ ಹೇಳಬಹುದಿತ್ತು. ನಾನು ಹೇಳಿದ್ದು ಇದು:

“ಪಾಲುದಾರ್ಕಿ ಒಳಗ ಯಾರನ್ನೂ ನಂಬಬಾರದವ್ವ. ಇನ್ನು ಮ್ಯಾಲ ಎಲ್ಲಾ ಬರಹದಾಗ ಇಟ್ಕೋ.”

ಟೆಸ್ ಹೆಸರನ್ನು ನಾನು ಎತ್ತಲಿಲ್ಲ, ನೋಡು. ಅಷ್ಟು ಜಾಣ. ಅವತ್ತು ಸಂಜೆಯೇ ನೀನು ಅವಳಿಗೆ ಫೋನ್ ಮಾಡಿದೆ. ಹಿತ್ತಲಿನಲ್ಲಿ ನಿಂತು ನೀನು ಕೂಗಾಡಿದ್ದು ಕೇಳಿಸುತ್ತಿತ್ತು. ನಾನು ಟೀವಿಯ ದನಿ ಹೆಚ್ಚಿಸಿದೆ.

ಎರಡೂ ಹೆಸರುಗಳಿಂದ ಬರೆಯುವುದನ್ನು ನಿಲ್ಲಿಸಿದೆ. ಉಳಿದವರು ನಿಲ್ಲಿಸಲಿಲ್ಲ. ಹುಷಾರಿಲ್ಲದ ಆಂಟಿ, ಕಾರಿನ ನಿದ್ದೆ — ನಾನು ಹೊಲಿದುಕೊಟ್ಟ ಮಾತನ್ನೇ ತಿಂಗಳುಗಟ್ಟಲೆ ನಿನ್ನ ಮೇಲೆ ಎಸೆದರು. ಟೆಸ್ ಬಿಡಿಸಿದ್ದನ್ನು ವಾಪಸ್ ಕೇಳಲಿಲ್ಲ, ಆದರೆ ಮತ್ತೆ ಪೆನ್ಸಿಲ್ ಮುಟ್ಟಲಿಲ್ಲ. ಮರುವರ್ಷ ಫೀಜೋವಾ ಬರಲಿಲ್ಲ. ಕೊನೆಗೊಂದು ದಿನ ಆ ಪುಟದಲ್ಲಿ ನೀನು ಬರೆದೆ: ಕೆಲಸ ನಿಲ್ಲಿಸಿದ್ದೇನೆ, ಕಾದವರೆಲ್ಲ ಕ್ಷಮಿಸಿ. ಅಂದರೆ, ಕೊನೆಗೂ ಕ್ಷಮೆ ಕೇಳಿದವಳು ನೀನೇ.

ಪಾಮರ್ಸ್ಟನ್ ನಾರ್ತ್‌ನಲ್ಲಿ ಕೆಲಸ ಸಿಕ್ಕಾಗ ನಿನ್ನ ಸಾಮಾನನ್ನು ನನ್ನ ವ್ಯಾನಿನಲ್ಲೇ ಅಲ್ಲಿಗೆ ಮುಟ್ಟಿಸಿದೆ. ಆರು ಗಂಟೆಗೂ ಮೀರಿದ ದಾರಿ, ನಾವಿಬ್ಬರೇ. ದಾರಿಯುದ್ದಕ್ಕೂ ಬುದ್ಧಿ ಹೇಳಿದೆ — ಆ ಊರು ಸಪಾಟು, ಸೈಕಲ್ ತಗೋ. ಫ್ಲಾಟ್‌ಮೇಟ್‌ಗಳ ಜೊತೆ ಫ್ರಿಜ್ಜಿನ ಲೆಕ್ಕ ಮೊದಲೇ ಮಾತಾಡಿಕೋ. ಅರ್ಧ ದಾರಿಯಲ್ಲಿ ನಿನಗೆ ನಿದ್ದೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು. ಅವತ್ತು ಕಾರಿನಲ್ಲಿ ಕಂಡ ಮುಖವೇ. ನೀನು ಎದ್ದ ಮೇಲೆ ಹೇಳೋಣ ಅಂದುಕೊಂಡೆ. ನೀನು ಎದ್ದೆ. ನಾನು ಕಾಫಿ ಬೇಕಾ ಅಂತ ಕೇಳಿದೆ.

ಕಳೆದ ದೀಪಾವಳಿಗೆ ನೀನು ಗಿರಿಜಾಗೆ ಫೋನ್ ಮಾಡಿದಾಗ, ನನಗೂ ಕೊಡಿ ಅಂದೆಯಂತೆ. “ಆಗ ಎಲ್ರೂ ನನ್ನ ಆಡಿಕೊಂಡ್ರು ಅಂಕಲ್. ನೀವೊಬ್ರೇ ಪ್ರತಿ ವಾರ ದೋಣಿ ಎಲ್ಲಿಗ್ ಬಂತು ಅಂತ ಕೇಳ್ತಿದ್ದೋರು.” ನಾನು ಹೂಂ ಅಂದೆ. ಹೂಂ ಅಂದೆ, ನಯನಾ.

ಗಿರಿಜಾ ಚೆನ್ನಾಗಿದ್ದಾಳೆ. ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುತ್ತೇವೆ, ಈಗ ನಾನೇ ಕರೆದುಕೊಂಡು ಹೋಗುತ್ತೇನೆ, ಅದೇ ರಸ್ತೆಯಲ್ಲಿ ವ್ಯಾನು ನಿಲ್ಲಿಸುತ್ತೇನೆ. “ನನ್ನ ದೀಪದ ಮನಿ ಯಾವಾಗ ಮುಗಿತೈತೋ” ಎಂದು ಆಗಾಗ ಅನ್ನುತ್ತಾಳೆ. ಮೊನ್ನೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನ ಹಳೆಯ ಫೋನಿನಲ್ಲಿ ಆ ಅರೆಬರೆ ಆಟವನ್ನು ತೆರೆದೆ. ದೋಣಿ ಇನ್ನೂ ಓಡುತ್ತದೆ. ಕೊನೆಯ ದ್ವೀಪದವರೆಗೂ ಹೋದೆ. ದೀಪಸ್ತಂಭದ ಬುಡದಲ್ಲಿ ನಿಂತರೆ ಗಿರಿಜಾಳ ದನಿ ಬರುತ್ತದೆ — ತಡ ಆತು ಅಂತ ಬೈಯೂದಿಲ್ಲವ್ವ, ಒಳಗ ಬಾ. ಎದುರಿಗೆ ಬರೀ ಬೂದು ಗೋಡೆ. ಟೆಸ್ ಇನ್ನೂ ಬಾಗಿಲು ಬಿಡಿಸಿರಲಿಲ್ಲ. ಹುಡುಗಿ ಕಾಗದ ಹಿಡಿದು ಗೋಡೆಯ ಮುಂದೆ ನಿಂತಿದ್ದಾಳೆ. ಗಿರಿಜಾ ಕರೆಯುತ್ತಲೇ ಇದ್ದಾಳೆ. ಅಂಗಡಿಗೆ ಯಾರೋ ಬಂದರು. ಅಂಗಡಿ ಮುಚ್ಚಿದೆ ಅಂತ ಹೇಳಿ ಕಳಿಸಿದೆ.

ಇದನ್ನು ಬರೆದು ಮೊದಲು ಗಿರಿಜಾಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದಳು. ಎದ್ದು ಹೋಗಿ ಹಿತ್ತಲಿನ ಕೋಣೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಳು. ಬಂದವಳು ನನ್ನ ಮುಖ ನೋಡದೆ ಅಂದಳು: “ಟೆಸ್‌ಗೂ ಬರೀರಿ. ಇಂಗ್ಲಿಷ್‌ನ್ಯಾಗ. ಆ ಪುಟದಾಗೂ ಹಾಕ್ರಿ. ಪೂರ್ತಿ ಹೆಸರು ಹಾಕ್ರಿ.” ಅದಾದ ಮೇಲೆ ಅವಳು ನನ್ನ ಜೊತೆ ಮಾತಾಡಿಲ್ಲ. ಇವತ್ತಿಗೆ ನಾಲ್ಕನೆಯ ದಿನ.

ಟೆಸ್‌ಗೆ ಬರೆದಿದ್ದೇನೆ. ಪುಟದಲ್ಲಿ ನಾಳೆ ಬೆಳಿಗ್ಗೆ ಹಾಕುತ್ತೇನೆ, ಜನ ಓದುವ ಹೊತ್ತಿಗೆ. ಆಟ ಮುಗಿಸು ಎಂದು ನಾನು ನಿನಗೆ ಹೇಳುವುದಿಲ್ಲ. ಮುಂದೆ ಏನು ಮಾಡಬೇಕೆಂದೂ ಹೇಳುವುದಿಲ್ಲ. ಕ್ಷಮಿಸು ಎಂದು ಕೇಳಿದರೆ ಅದೂ ಒಂದು ಚೌಕಾಸಿಯಾದೀತು. ಕೇಳುವುದಿಲ್ಲ.

ಬಸವರಾಜ ಚನ್ನಬಸಪ್ಪ ಹಾದಿಮನಿ, ಏವನ್‌ಡೇಲ್.
ಸಂಡೇಬಯರ್ ಎಂದು ಬರೆದವನು. ಓಲ್ಡ್‌ಫ್ಯಾನ್ ಎಂದು ಬರೆದವನೂ ಅವನೇ.